ಅಕ್ಕನ ಸಾಲು

ಜನಪದ ಹಾಡಿಗೆ ಗಿಟಾರು, ಚಂಡೆ ಸೇರಿಸಿ ನಾವು ಬಾರಿಸುವ ಗದ್ದಲಕ್ಕೆ ಫೋಕ್ ಪಂಕ್ ಎಂಬ ಹೆಸರಿದೆ ಎಂದು ತಿಳಿದದ್ದು ಭಟ್ಕಳದ ಗೆಳೆಯನಿಂದ. ಅವನ ಮಾವ ದುಬೈಯಿಂದ ತಂದ ಕ್ಯಾಸೆಟ್ಟಿನ ಮೇಲೆ ಹಾಗೆ ಬರೆದಿತ್ತು. ಸರಿ, ನಾವೂ ಅದೇ ಅಂದುಕೊಂಡೆವು. ಅವನದು ಬೇಸ್ ಗಿಟಾರು, ಕರ್ಕಿಯ ಇನ್ನೊಬ್ಬ ಗೆಳೆಯನದು ಚಂಡೆ, ನನ್ನದು ಗಿಟಾರು ಮತ್ತು ಎಲ್ಲರ ಮೇಲೂ ಹರಿಹಾಯುವ ಕೆಲಸ. ೨೦೦೧ರ ಸುಮಾರಿಗೆ ಕುಮಟಾದಲ್ಲಿ ಒಂದು ಸ್ಟುಡಿಯೋ ಹಿಡಿದು ಆಲ್ಬಮ್ ಮಾಡಲು ಹೊರಟೆವು.

ಅದಕ್ಕೊಂದು ಮದುವೆಯ ಹಾಡು ಬೇಕಿತ್ತು. ಹೊನ್ನಾವರದ ಹತ್ತಿರದ ನಮ್ಮ ಮನೆಯಲ್ಲೇ ಸಣ್ಣಜ್ಜಿ ಇದ್ದಳು, ನನ್ನ ಅಜ್ಜಿಯ ತಂಗಿ. ನಮ್ಮ ಕಡೆ ಹೆಂಗಸರು ಜೋಡಿಯಾಗಿ ಹಾಡು ಹೇಳುತ್ತಾರೆ: ಒಬ್ಬಳು ಒಂದು ಸಾಲು ಹೇಳಿದರೆ ಇನ್ನೊಬ್ಬಳು ಅದನ್ನೇ ತಿರುಗಿ ಹೇಳಬೇಕು. ಅಕ್ಕತಂಗಿ ಇಬ್ಬರದೂ ಐವತ್ತು ವರ್ಷದ ಜೋಡಿ. ಅಜ್ಜಿ ಸತ್ತು ನಾಲ್ಕು ವರ್ಷವಾಗಿದ್ದರೂ ಸಣ್ಣಜ್ಜಿ ದಿನಾ ಬೆಳಿಗ್ಗೆ ಕಾಯಿ ತುರಿಯುತ್ತ ಹಾಡುತ್ತಿದ್ದಳು. ಒಂದು ಸಾಲು ಹೇಳಿ, ಅಷ್ಟೇ ಹೊತ್ತು ಸುಮ್ಮನಿದ್ದು, ಮುಂದಿನ ಸಾಲು ಹಿಡಿಯುತ್ತಿದ್ದಳು. ಆ ಬಿಡುವಿನಲ್ಲಿ ಅಮ್ಮ ಕೂಡ ಮಾತಾಡುತ್ತಿರಲಿಲ್ಲ.

ಸ್ಟುಡಿಯೋದ ಗೋಡೆಗೆಲ್ಲ ಮೊಟ್ಟೆಯ ಟ್ರೇ, ಕಂಬಳಿ ಬಡಿದಿದ್ದರು. ಒಳಗೆ ಕೆಮ್ಮಿದರೆ ಕೆಮ್ಮು ಬಾಯಲ್ಲೇ ಉಳಿಯುತ್ತಿತ್ತು. ಸಣ್ಣಜ್ಜಿ ಮೈಕಿನ ಮುಂದೆ ಕುಳಿತು ಪಕ್ಕದ ಖಾಲಿ ಸ್ಟೂಲಿನ ಕಡೆ ನೋಡುತ್ತ ಶುರು ಮಾಡಿದಳು. ಒಂದು ಸಾಲು, ಒಂದು ಬಿಡುವು. ಮೂರನೇ ಬಿಡುವಿನಲ್ಲಿ ಫಕ್ಕನೆ ನಕ್ಕುಬಿಟ್ಟಳು.

"ನಿಲ್ಸಿ, ನಿಲ್ಸಿ. ಅಕ್ಕಂಗೆ ಸಾಲು ಮರ್ತು ಹೋತು. ಮತ್ತೆ ಮೊದಲಿಂದ ಆಗ್ಲಿ."

ರೆಕಾರ್ಡ್ ಮಾಡುವವನು ಕಿವಿಯ ಹೆಡ್‌ಫೋನು ತೆಗೆದು ಕೆಳಗಿಟ್ಟ. ಆದರೂ ಎರಡನೇ ಸಲ ಹಾಡು ಪೂರ್ತಿಯಾಯಿತು. ಖಾಲಿ ಜಾಗಕ್ಕೆ ಅವಳೇ ಇನ್ನೊಮ್ಮೆ ಹಾಡಿದರೆ ಜೋಡಿಸಬಹುದು ಎಂದೆ. ಸಣ್ಣಜ್ಜಿ ನನ್ನನ್ನು ಪೆದ್ದನನ್ನು ನೋಡಿದಂತೆ ನೋಡಿದಳು.

"ಅಲ್ಲಿ ಅಕ್ಕ ಹೇಳಿದ್ದಲಾ ತಮಾ. ಮತ್ತೆ ಆನು ಎಂತ ಹೇಳವು?"

ಅವಳನ್ನು ಮನೆಗೆ ಬಿಟ್ಟುಬಂದ ಮೇಲೆ ಚಂಡೆಯವನು ಪಟ್ಟು ಹಿಡಿದ. "ಅದನ್ನ ಹಂಗೇ ಬಿಡು ಮಾರಾಯಾ. ಆ ಜಾಗದಲ್ಲಿ ನಾ ಬಾರಿಸೂದಿಲ್ಲ."

"ಎಂತ ಮಾರಾಯಾ, ಜನರಿಗೆ ಖಾಲಿ ಟೇಪು ಮಾರೂದಾ?" ಎಂದು ರೇಗಿದೆ. ಅವನು ಹೇಳಿದ್ದು ಸರಿ ಎಂದು ಒಳಗೊಳಗೇ ಗೊತ್ತಿತ್ತು, ಅದಕ್ಕೇ ಸಿಟ್ಟು ಹೆಚ್ಚಾಯಿತು. ಒಂದು ಬಿಡುವನ್ನೂ ಬಿಡದೆ ಗಿಟಾರನ್ನು ಕಿರುಚಾಡಿಸಿ ತುಂಬಿದೆ.

ಕ್ಯಾಸೆಟ್ಟು ಬಂದ ಸಂಜೆ ಸಣ್ಣಜ್ಜಿಗೆ ಕೇಳಿಸಿದೆ. ಕಣ್ಣುಮುಚ್ಚಿ ಕೊನೆಯವರೆಗೂ ಕೇಳಿ "ಅಡ್ಡಿಲ್ಲೆ" ಎಂದಳು. ನಾನು ಉಬ್ಬಿಹೋದೆ.

ಮರುದಿನ ಬೆಳಿಗ್ಗೆ ತುರಿಮಣೆ ಏರಿ ಒಂದು ಸಾಲು ಹೇಳಿದಳು, ಕಾದಳು. ಅದೇ ಸಾಲನ್ನು ಮತ್ತೆ ಹೇಳಿದಳು, ಮತ್ತೆ ಕಾದಳು. ನಾನು ಚಾ ಕುಡಿಯುತ್ತಿದ್ದೆ.

"ತಮಾ, ಅದನ್ನ ನಿಲ್ಸು."

"ಟೇಪು ನಡೀತಾ ಇಲ್ಲೆ ಸಣ್ಣಜ್ಜಿ. ವಯರೇ ಕಿತ್ತಿಟ್ಟಿದ್ದು."

"ಹಂಗಾರೆ ಅಕ್ಕ ಎಂತಕ್ಕೆ ಹೇಳ್ತಿಲ್ಲೆ? ನಿನ್ನ ಗಿಟಾರೇ ಕೇಳ್ತು."

ಚಾದ ಲೋಟ ಕೆಳಗಿಟ್ಟೆ. ಗಿಟಾರು ಸೇರಿಸುವ ಮೊದಲಿನ ಟೇಪು, ಆ ಬಿಡುವುಗಳಿದ್ದ ಟೇಪು ಒಂದು ಸಿಕ್ಕರೆ ಸಾಕು, ಎಲ್ಲ ಮೊದಲಿನಂತಾಗುತ್ತದೆ ಅನ್ನಿಸಿತು. "ಕುಮಟಾಕ್ಕೆ ಹೋಗಿ ತತ್ತೆ" ಎಂದಷ್ಟೇ ಅವಳಿಗೆ ಹೇಳಿ, ಏನು ತರುತ್ತೇನೆಂದು ಬಿಡಿಸದೆ, ಸಿಕ್ಕಿದ ಬಸ್ಸು ಹತ್ತಿದೆ. ಸ್ಟುಡಿಯೋದವನು ಪಾಪ, ತಲೆ ತುರಿಸಿಕೊಂಡ. ಅದೇ ಟೇಪಿನ ಮೇಲೆ ಯಾರದೋ ಭಜನೆ ತುಂಬಿಸಿಯಾಗಿತ್ತು. ಅವನು ಹಾಕಿ ತೋರಿಸಿದ. ತಾಳ, ಹಾರ್ಮೋನಿಯಮ್ಮು, ಹತ್ತಾರು ಗಂಡಸರ ದನಿ. ಉಸಿರು ಬಿಡುವಷ್ಟೂ ಜಾಗವಿರಲಿಲ್ಲ.

ಹೊನ್ನಾವರದಲ್ಲಿ ಇಳಿದು ಮನೆ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಸಣ್ಣಜ್ಜಿ ಊಟ ಮಾಡದೆ ಬಾಗಿಲಲ್ಲೇ ಕುಳಿತಿದ್ದಳು. ನನ್ನ ಮುಖ ನೋಡಲಿಲ್ಲ, ನನ್ನ ಹಿಂದಿನ ದಾರಿ ನೋಡಿದಳು.

"ಅಕ್ಕ ಸಿಕ್ತಾ ತಮಾ?"