ಒಂದು ಲೋಟ ನೀರು ಕೇಳಿದವರು

ಬಾಗಿಲಿಗೆ ಬಂದು ನೀರು ಕೇಳುವವರಲ್ಲಿ ಎರಡೇ ಜಾತಿ ಎಂದು ರುಕ್ಮವ್ವನ ನಂಬಿಕೆ. ಒಂದು ಬಾಯಾರಿದವರದು, ಇನ್ನೊಂದು ಉಪಕಾರ ಮಾಡಲು ಬಂದವರದು. ಬಾಯಾರಿದವರು ಗಟಗಟ ಕುಡಿದು, "ಹೊಟ್ಟಿ ತಣ್ಣಗಾತು ತಾಯಿ" ಎಂದು ತಮ್ಮ ದಾರಿ ಹಿಡಿಯುತ್ತಾರೆ. ಉಪಕಾರದವರು ಒಂದು ಗುಟುಕು ಕುಡಿದು, ಲೋಟ ಕೈಯಲ್ಲೇ ಹಿಡಿದುಕೊಂಡು, ಒಳಗಡೆ ಕಣ್ಣಾಡಿಸುತ್ತಾರೆ. ಅವರು ಬಂದುಹೋದ ಮೇಲೆ ಮನೆಯಲ್ಲಿ ಏನಾದರೊಂದು ಕಡಿಮೆಯಾಗಿರುತ್ತದೆ.

ವೈಟ್‌ಫೀಲ್ಡ್ ಹತ್ತಿರದ ಹೂಡಿಯ ತಗಡಿನ ಶೆಡ್ಡುಗಳ ಸಾಲಿನಲ್ಲಿ ಆ ಭಾನುವಾರ ಬೆಳಿಗ್ಗೆ, ಹೆಗಲಿಗೆ ಬಟ್ಟೆ ಚೀಲ ಹಾಕಿಕೊಂಡ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು, "ಅಮ್ಮಾ, ಒಂದು ಲೋಟ ನೀರು ಕೊಡ್ತೀರಾ?" ಎಂದಾಗ ರುಕ್ಮವ್ವ ಬಾಗಿಲಿಗೆ ಅಡ್ಡ ನಿಂತಳು. ಆ ಹುಡುಗಿಯ ಚೀಲದಿಂದ ನೀರಿನ ಬಾಟಲಿಯೊಂದು ಕತ್ತು ಹೊರಗೆ ಹಾಕಿತ್ತು. ಬಾಟಲಿ ತುಂಬಿತ್ತು.

"ನೀರಿಲ್ಲ," ಎಂದಳು ರುಕ್ಮವ್ವ.

ಅಯ್ಯೋ ಶಿವನೆ! ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಆ ಮಾತು ಬಂದಿರಲಿಲ್ಲ. ಶತ್ರು ಬಂದು ಕೇಳಿದರೂ ನೀರಿಗೆ ಇಲ್ಲ ಎನ್ನಬಾರದು ಎಂದು ಬೆಳೆದವಳು. ಹೇಳಿದ ಕೂಡಲೇ ನಾಲಗೆ ಕಚ್ಚಿಕೊಂಡಳು, ಆದರೆ ಬಾಗಿಲಿಗೆ ಅಡ್ಡ ನಿಂತ ಮೈಯನ್ನು ಒಂದಿಷ್ಟೂ ಸರಿಸಲಿಲ್ಲ. ಒಳಗೆ ಸುಮ್ಮಿ ಇದ್ದಳು.

ಸುಮ್ಮಿ ಅಂದರೆ ಸುಮಂಗಲಾ, ಐದು ವರ್ಷದ ಮಗು. ಎಲ್ಲರೂ ರುಕ್ಮವ್ವನ ಮೊಮ್ಮಗಳು ಎಂದುಕೊಂಡಿದ್ದರು, ಅವಳೂ ಹಾಗೆಯೇ ಹೇಳಿಕೊಂಡು ಬಂದಿದ್ದಳು. ನಿಜ ಬೇರೆ. ಪಕ್ಕದ ಶೆಡ್ಡಿನಲ್ಲಿ ಗಂಡ ಬಿಟ್ಟುಹೋದ ಒಬ್ಬ ಎಳೆಯ ಹೆಂಗಸಿದ್ದಳು. ಪೀಣ್ಯದ ಫ್ಯಾಕ್ಟರಿಯಲ್ಲಿ ಕೆಲಸ ಕೊಡುತ್ತಾರಂತೆ, ಕೇಳಿಕೊಂಡು ಬರುತ್ತೇನೆ, ಸಂಜೆಯತನಕ ಕೂಸನ್ನು ನೋಡಿಕೋ ಚಿಗವ್ವಾ ಎಂದು ಹೋದವಳು ತಿರುಗಿ ಬರಲೇ ಇಲ್ಲ. ರುಕ್ಮವ್ವ ಕೂಸನ್ನು ಕಂಕುಳಲ್ಲಿ ಹೊತ್ತು ಪೀಣ್ಯದ ಬೀದಿ ಬೀದಿ ಸುತ್ತಿದಳು. ಲೇತ್ ಮೆಷಿನ್ನುಗಳ ಸದ್ದಿನಲ್ಲಿ ಯಾರಿಗೂ ಅವಳ ಮಾತೇ ಕೇಳಿಸಲಿಲ್ಲ. ಮೂರು ವರ್ಷವಾಯಿತು. ಕಟ್ಟಡ ಮುಗಿದಂತೆ, ಗಾರೆ ಕೆಲಸಕ್ಕೆ ಜೊತೆಗೆ ಬಂದಿದ್ದ ಊರವರಲ್ಲಿ ಹೆಚ್ಚಿನವರು ಬೇರೆ ಸೈಟುಗಳಿಗೆ ಗಂಟು ಹೊತ್ತುಕೊಂಡು ಹೋದರು. ರುಕ್ಮವ್ವ ಮಾತ್ರ ಕುಂದಲಹಳ್ಳಿಯ ಆಫೀಸೊಂದರಲ್ಲಿ ಕಸ ಗುಡಿಸುವ ಕೆಲಸ ಹಿಡಿದು ಅದೇ ಶೆಡ್ಡಿನಲ್ಲಿ ಉಳಿದಳು. ಆ ಹೆಣ್ಣುಮಗಳು ಬಂದರೆ ಇಲ್ಲಿಗೇ ಬರಬೇಕಲ್ಲ, ಬೇರೆ ವಿಳಾಸ ಅವಳಿಗೆಲ್ಲಿ ಗೊತ್ತು?

ಮಗುವಿಗೆ ಅವಳು ಎರಡು ಪಾಠ ಕಲಿಸಿದ್ದಳು. ಯಾರು ನೀರು ಕೇಳಿದರೂ ಇಲ್ಲ ಅನ್ನಬಾರದು. ಯಾರು ಏನು ಕೇಳಿದರೂ ಗೊತ್ತಿಲ್ಲ ಅನ್ನಬೇಕು.

ಇಷ್ಟೊಂದು ಅನುಮಾನ ಯಾಕೆ ಎಂದು ನೀವು ಕೇಳಬಹುದು. ಕೇಳಿ, ಹೇಳುತ್ತೇನೆ. ರುಕ್ಮವ್ವ ಹುಟ್ಟಿದ್ದು ಲಿಂಗಸುಗೂರು ಸೀಮೆಯ ಒಂದು ಕೇರಿಯಲ್ಲಿ. ಅವಳು ಗೇಣುದ್ದ ಇದ್ದಾಗ ಪೇಟೆಯಿಂದ ಸಮಾಜಸೇವೆಯ ಅಮ್ಮನವರು ಜೀಪಿನಲ್ಲಿ ಬರುತ್ತಿದ್ದರು. ಹಾಲಿನ ಪುಡಿ, ಹಳೆಯ ಸೀರೆ ಹಂಚಿ, ಉಗುರು ಕತ್ತರಿಸಿಕೊಳ್ಳಿ ಎಂದು ಬುದ್ಧಿ ಹೇಳಿ ಹೋಗುತ್ತಿದ್ದರು. ಬಿಸಿಲಲ್ಲಿ ಬೆವೆತು ತೊಪ್ಪೆಯಾದರೂ ಕೇರಿಯ ನೀರು ಮುಟ್ಟುತ್ತಿರಲಿಲ್ಲ. ಅವ್ವ ಬೂದಿ ಹಚ್ಚಿ ಬೆಳಗಿದ ತಂಬಿಗೆ ಹಿಡಿದು ನಿಂತರೆ, "ಈಗಷ್ಟೇ ಕುಡಿದೆ" ಅನ್ನುತ್ತಿದ್ದರು. ಆಗ ಅದರ ಹೆಸರು ದಾನ. ಹಾಲು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಅವ್ವನಿಗೆ ಮಾತ್ರ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆಮೇಲೆ ಕಾಲ ಬದಲಾಯಿತು, ಬಂದವರು ನೀರು ಕುಡಿಯತೊಡಗಿದರು! ತುರ್ತು ಪರಿಸ್ಥಿತಿಯ ಕಾಲ ಅದು. ಸರಕಾರದ ಇಬ್ಬರು ಬಂದು ಅವ್ವನ ಕೈಯಿಂದಲೇ ತಂಬಿಗೆ ಇಸಿದುಕೊಂಡು ಕುಡಿದದ್ದನ್ನು ನೋಡಿ ಕೇರಿಗೆ ಕೇರಿಯೇ ಬೆರಗಾಯಿತು. ಅಪ್ಪ ಕಾಡಪ್ಪನಿಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಮ್ಮ ನೀರು ಕುಡಿದವರು ಕರೆದರೆ ಹೋಗದಿರಲಾದೀತೇ ಎಂದು ಲಾರಿ ಹತ್ತಿದ. ಹೊಟ್ಟೆಯ ಕೆಳಗೆ ಪಟ್ಟಿ ಕಟ್ಟಿಸಿಕೊಂಡು ಇಳಿದ. ಎಂಥ ಆಪರೇಷನ್ ಅಂತ ಅವನಿಗೆ ತಿಳಿದದ್ದೇ ತಡವಾಗಿ. ರುಕ್ಮವ್ವನ ಬೆನ್ನ ಹಿಂದೆ ತಮ್ಮನೂ ಹುಟ್ಟಲಿಲ್ಲ, ತಂಗಿಯೂ ಹುಟ್ಟಲಿಲ್ಲ. ಅದಕ್ಕೆ ಕಲ್ಯಾಣ ಎಂದು ಹೆಸರಿಟ್ಟರು.

ಮದುವೆಯಾದ ಮೇಲೆ ರೇಷನ್ ಕಾರ್ಡಿನ ಸರ್ವೆಯವನು ಬಂದ. ಅವನೂ ನೀರು ಕೇಳಿದ. ದೊಡ್ಡವರಿಗೆ ಸೊಟ್ಟ ಲೋಟದಲ್ಲಿ ಹೇಗೆ ಕೊಡುವುದು ಎಂದು ರುಕ್ಮವ್ವ ಪಕ್ಕದ ಮನೆಗೆ ಓಡಿ ಹೊಸ ಸ್ಟೀಲಿನ ಚೊಂಬು, ಲೋಟ ತಂದು ಕೊಟ್ಟಳು. ಕುಡಿದ. ಸ್ಟೀಲು ಪಾತ್ರೆ ಇರುವ ಮನೆ ಎಂದು ಬಡವರ ಕಾರ್ಡು ತೆಗೆದುಹಾಕಿದ. ಪುಣ್ಯಾತ್ಮ, ಪಾತ್ರೆ ಯಾರದು ಎಂದಾದರೂ ಕೇಳಬಾರದೇ? ಆ ಹೊತ್ತಿಗೆ ಅದರ ಹೆಸರು ಯೋಜನೆ.

ಗಂಡ ಅಮರಪ್ಪನ ಜೊತೆ ವೈಟ್‌ಫೀಲ್ಡ್ ಕಡೆಗೆ ಗಾರೆ ಕೆಲಸಕ್ಕೆ ಬಂದಾಗ, ಒಂದೇ ಬಣ್ಣದ ಟೀ ಶರ್ಟ್ ಹಾಕಿದ ಕಂಪನಿ ಹುಡುಗರು ಕಂಬಳಿ ಹಂಚಿದರು. ಒಂದು ಕಂಬಳಿಗೆ ಐದು ಜನ ಕೈ ಹಚ್ಚಿ ಫೋಟೋ ತೆಗೆಸಿಕೊಂಡರು. ಅವರು ನೀರು ತಮ್ಮದೇ ತಂದಿದ್ದರು. ಅಮರಪ್ಪ ಜಾಂಡೀಸ್ ಬಂದು ಅದೇ ಕಂಬಳಿಯಲ್ಲಿ ತೀರಿಕೊಂಡ. ಈಗಿನವರು ದಾನ ಅನ್ನುವುದಿಲ್ಲ, ಕಲ್ಯಾಣವೂ ಅನ್ನುವುದಿಲ್ಲ, ಎಲ್ಲದಕ್ಕೂ ಹಕ್ಕು ಅನ್ನುತ್ತಾರೆ. ಹೆಸರು ಬದಲಾದರೂ ಬಾಗಿಲಲ್ಲಿ ಕೇಳುವುದು ಅದೇ ಒಂದು ಲೋಟ ನೀರು. ಇಷ್ಟೆಲ್ಲ ಕಂಡ ಹೆಂಗಸು ಇಲ್ಲ ಅಂದದ್ದರಲ್ಲಿ ತಪ್ಪೇನಿದೆ ಹೇಳಿ?

ಆದರೆ ತಗಡಿನ ಗೋಡೆಗೆ ಗುಟ್ಟು ನಿಲ್ಲುವುದಿಲ್ಲ. ನೀರು ಎಂಬ ಮಾತು ಒಳಗೆ ಕೇಳಿಸಿತ್ತು. ರುಕ್ಮವ್ವನ ಸೀರೆಯ ಸೆರಗಿನ ಪಕ್ಕದಿಂದ ಒಂದು ಪುಟ್ಟ ಕೈ, ಕೈಯಲ್ಲಿ ತುಂಬಿದ ಲೋಟ, ಹೊರಗೆ ಬಂತು. ಲೋಟದ ತಳವನ್ನು ಫ್ರಾಕಿಗೆ ಒರೆಸಿಕೊಂಡು, "ನೀರ ಐತಲ್ಲವ್ವಾ," ಎಂದಳು ಸುಮ್ಮಿ. ಕಲಿಸಿದ ಮೊದಲನೆಯ ಪಾಠ!

ಹುಡುಗಿ ಲೋಟ ಪೂರ್ತಿ ಕುಡಿದಳು. ತನ್ನ ಹೆಸರು ಕೃಪಾ, ಶಾಲೆಗೆ ಹೋಗದ ಮಕ್ಕಳನ್ನು ಹುಡುಕುವ ಸಂಸ್ಥೆಯ ಸಮಾಜ ಕಾರ್ಯಕರ್ತೆ ಎಂದಳು. ಆಮೇಲೆ ಕುಕ್ಕರುಗಾಲಲ್ಲಿ ಕೂತು ಮಗುವನ್ನು ಕೇಳಿದಳು.

"ಏನ್ ಪುಟ್ಟಾ ನಿನ್ನ ಹೆಸರು?"

"ಗೊತ್ತಿಲ್ಲ."

"ಅಮ್ಮ ಎಲ್ಲಿದಾರೆ?"

"ಗೊತ್ತಿಲ್ಲ."

ಇದು ಎರಡನೆಯ ಪಾಠ. ಕೃಪಾಳ ನಗು ನಿಂತಿತು. ಹೆಸರು ಹೇಳದ ಮಗು, ಬಾಗಿಲಿಗೆ ಅಡ್ಡ ನಿಂತ ಮುದುಕಿ. ಅನುಮಾನ ಈಗ ಆ ಕಡೆಗೂ ಹಾರಿತು. "ಈ ಮಗು ಯಾರ್ದಮ್ಮಾ?" ಎಂದಳು, ದನಿ ಬಿಗಿಯಾಗಿತ್ತು.

"ನಾನೇನ್ ಕದ್ದಿಲ್ಲ!" ಎಂದು ಕೂಗಿಬಿಟ್ಟಳು ರುಕ್ಮವ್ವ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಕದ್ದೆ ಎಂದು ಯಾರು ಅಂದಿದ್ದರು? ಅವಮಾನದಿಂದ ಅವಳ ಸಿಟ್ಟು ನೆತ್ತಿಗೇರಿತು. "ಚೀಲದಾಗ ತುಂಬಿದ ಬಾಟ್ಲಿ ಇಟ್ಕೊಂಡು ಬಡವರ ಮನಿಗೆ ಬಂದು ನೀರ್ ಕೇಳ್ತೀ. ಇದನ್ನೂ ಸಾಲಿಯಾಗ ಕಲಿಸ್ಯಾರೇನು ನಿಮಗ?"

ಕೃಪಾ ಬಾಟಲಿಯ ಕಡೆ ನೋಡಿದಳು. ಮುಖ ಕೆಂಪಾಯಿತು. "ಹೌದಮ್ಮಾ, ಕಲಿಸ್ತಾರೆ," ಎಂದಳು. "ನೀರು ಯಾರು ತರ್ತಾರೆ, ಹೇಗೆ ತರ್ತಾರೆ, ಅದ್ರಲ್ಲೇ ಮನೆ ಅರ್ಥ ಆಗುತ್ತೆ ಅಂತಾರೆ. ಹಿಂದೆ ನಮ್ಮ ಹಾಗೆ ಸಮಾಜಸೇವೆಗೆ ಬರ್ತಿದ್ದವ್ರು ಕೆಲವು ಮನೆಗಳಲ್ಲಿ ನೀರೇ ಮುಟ್ತಿರ್ಲಿಲ್ವಂತೆ. ಅದಕ್ಕೇ, ಕೇಳಿ ಕುಡೀರಿ ಅಂತ ನಮಗೆ ಹೇಳ್ಕೊಟ್ರು."

ಹೀಗೆ ಒಪ್ಪಿಕೊಂಡವರನ್ನು ರುಕ್ಮವ್ವ ಈ ತನಕ ಕಂಡಿರಲಿಲ್ಲ. ಸಿಟ್ಟಿನ ಭರದಲ್ಲೇ ಸುಮ್ಮಿಯ ಪೂರ್ತಿ ಕತೆ ಬಾಯಿಬಿಟ್ಟಳು. ಕೇಳಿ ಕೃಪಾ ನಿಟ್ಟುಸಿರುಬಿಟ್ಟಳು. "ನಾನು ಇದನ್ನ ಮುಚ್ಚಿಡೋಕಾಗಲ್ಲಮ್ಮಾ. ನಾಳೆ ಮಕ್ಕಳ ಕಲ್ಯಾಣ ಸಮಿತಿಗೆ ಮಗೂನ ಕರ್ಕೊಂಡು ಬನ್ನಿ. ಇಂಥ ಮಕ್ಕಳು ಯಾರ ಹತ್ರ ಇರ್ಬೇಕು ಅಂತ ಅವ್ರೇ ತೀರ್ಮಾನ ಮಾಡೋದು. ನಾನು ನಿಮ್ಮ ಜೊತೇಲೇ ಇರ್ತೀನಿ."

ಮತ್ತೆ ಕಲ್ಯಾಣ! ಆ ಪದ ಕಿವಿಗೆ ಬಿದ್ದದ್ದೇ ರುಕ್ಮವ್ವ ಸುಮ್ಮಿಯನ್ನು ಸೆರಗಿನ ಹಿಂದೆ ಎಳೆದುಕೊಂಡಳು.

ಸಂಜೆ ಪಕ್ಕದ ಶೆಡ್ಡಿನ ಮೇಸ್ತ್ರಿ ಹನುಮೇಶ ಬಂದು ಕೂತ. "ಚಿಗವ್ವಾ, ಸವಿ ಮಾತಿನವರನ್ನ ನಂಬಬ್ಯಾಡ. ಒಮ್ಮೆ ಸರಕಾರದ ಮನಿಯೊಳಗ ಹಾಕಿದ್ರು ಅಂದ್ರ ಕೂಸಿನ ಮಾರಿ ನೋಡಾಕೂ ಬಿಡಂಗಿಲ್ಲ. ಗಂಟು ಕಟ್ಟು. ಪೀಣ್ಯದಾಗ ನಮ್ಮೂರ ಮಂದಿ ರೂಮ್ ಐತಿ, ಬಿಟ್ಟು ಬರ್ತೀನಿ," ಎಂದ.

ರುಕ್ಮವ್ವ ಗಂಟು ಕಟ್ಟಿದಳು. ಆಮೇಲೆ ಪಕ್ಕದ ಶೆಡ್ಡಿನ ಕಡೆ ನೋಡಿದಳು, ಸುಮ್ಮಿಯ ತಾಯಿ ಬೀಗ ಹಾಕಿ ಹೋದ ಬಾಗಿಲ ಮುಂದೆ ಈಗ ಹನುಮೇಶನ ಲುಂಗಿ ಒಣಗುತ್ತಿತ್ತು. ತಾನೂ ಹೋಗಿಬಿಟ್ಟರೆ, ಆಕೆ ಬಂದು ಯಾರನ್ನು ಕೇಳಬೇಕು? "ಕದ್ದವರು ಓಡ್ತಾರ, ಹನುಮ್ಯಾ. ನಾ ಕಾಯ್ದು ಇಟ್ಕೊಂಡಾಕಿ," ಎಂದು ಗಂಟು ಬಿಚ್ಚಿ, ಮಗುವಿನ ಒಳ್ಳೆಯ ಫ್ರಾಕು ಹೊರಗೆ ತೆಗೆದಳು. ಆದರೂ ಒಳಗೊಳಗೇ ಅಳುಕು ಹೋಗಲಿಲ್ಲ.

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು, ಮೇಲೊಂದು ನೀರಿನ ಜಗ್ಗು. ಅಧ್ಯಕ್ಷರು ನರಸಿಂಹಯ್ಯ ಎಂಬ ಹಿರಿಯರು, ಸರಕಾರಿ ಕಾರ್ಖಾನೆಯೊಂದರಲ್ಲಿ ಕಾರ್ಮಿಕರ ಕ್ಷೇಮ ನೋಡುವ ಅಧಿಕಾರಿಯಾಗಿ ಕ್ವಾರ್ಟರ್ಸಿನ ಮನೆಮನೆ ತಿರುಗಿದವರು ಎಂದು ಕೃಪಾ ಕಿವಿಯಲ್ಲಿ ಹೇಳಿದಳು. ಅವರ ಪಕ್ಕದಲ್ಲಿ ಕನ್ನಡಕದ ಒಬ್ಬ ಮೇಡಂ. ರುಕ್ಮವ್ವ ಇಬ್ಬರನ್ನೂ ಅಡಿಯಿಂದ ಮುಡಿಯತನಕ ಅಳೆದಳು. ಯಾರ ಮೇಲೂ ಅವಳಿಗೆ ನಂಬಿಕೆ ಬರಲಿಲ್ಲ.

ಎಲ್ಲವನ್ನೂ ಕೇಳಿದ ಮೇಲೆ ಮೇಡಂ ಮಗುವನ್ನು ಕುರ್ಚಿಯ ಮೇಲೆ ಕೂರಿಸಿ, ರುಕ್ಮವ್ವನತ್ತ ಬೆರಳು ಮಾಡಿದರು. "ಪುಟ್ಟೀ, ಇವರು ನಿಂಗೆ ಏನಾಗ್ಬೇಕು?"

ಸುಮ್ಮಿ ರುಕ್ಮವ್ವನ ಮುಖ ನೋಡಿದಳು. ಜಾಣೆ, ಪಾಠ ಮರೆತಿರಲಿಲ್ಲ.

"ಗೊತ್ತಿಲ್ಲ."

"ಇವರ ಜೊತೆ ಇರೋಕೆ ಇಷ್ಟಾನಾ?"

"ಗೊತ್ತಿಲ್ಲ."

ರುಕ್ಮವ್ವನಿಗೆ ಹೇಳು ನನ್ನವ್ವಾ, ಹೇಳು ಎಂದು ಚೀರಬೇಕೆನಿಸಿತು. ಚೀರಿದರೆ ಹೇಳಿಕೊಟ್ಟಳು ಅನ್ನುತ್ತಾರೆ. ಬೇರೆಯವರಿಂದ ಕಾಪಾಡಲೆಂದು ತಾನೇ ಕಲಿಸಿದ ಮಾತು ಈಗ ತನ್ನ ಕೊರಳಿಗೇ ಸುತ್ತಿಕೊಂಡಿತ್ತು.

"ನೋಡಿ ಸರ್, ಬಾಂಧವ್ಯಾನೇ ಕಾಣ್ತಿಲ್ಲ," ಎಂದರು ಮೇಡಂ. "ವಿಚಾರಣೆ ಮುಗಿಯೋ ತನಕ ಬಾಲಮಂದಿರದಲ್ಲಿ ಇರಲಿ." ನರಸಿಂಹಯ್ಯ ಪೆನ್ನು ಕೈಗೆತ್ತಿಕೊಂಡರು.

ರುಕ್ಮವ್ವನ ಬಾಯಿ ಒಣಗಿತು. ಕಣ್ಣು ಮೇಜಿನ ಮೇಲಿನ ಜಗ್ಗಿಗೆ ಹೋಯಿತು. "ಸಾಹೇಬ್ರ, ಒಂದು ಲೋಟ ನೀರ್ ಕೊಡಸ್ರಿ," ಎಂದಳು.

ಮೇಡಂ ಜವಾನನನ್ನು ಕರೆಯಲು ಗಂಟೆಯತ್ತ ಕೈ ಚಾಚಿದರು. ಅಷ್ಟರಲ್ಲಿ ಸುಮ್ಮಿ ಕುರ್ಚಿಯಿಂದ ಜಾರಿ ಇಳಿದಿದ್ದಳು. ಯಾರನ್ನೂ ಕೇಳಲಿಲ್ಲ. ಹಿಮ್ಮಡಿ ಎತ್ತಿ ನಿಂತು ಜಗ್ಗು ಎಳೆದುಕೊಂಡು ನೀರು ಬಗ್ಗಿಸಿದಳು. ಲೋಟದ ತಳವನ್ನು ಒಳ್ಳೆಯ ಫ್ರಾಕಿಗೆ ಒರೆಸಿದಳು. ತುಳುಕದ ಹಾಗೆ, ನಾಲಗೆ ಹೊರಗೆ ಹಾಕಿಕೊಂಡು, ಮೆಲ್ಲಗೆ ನಡೆದು ಬಂದಳು.

"ಕುಂದ್ರವ್ವಾ. ನಿಂತು ಕುಡದ್ರ ನಿನಗ ಬಿಕ್ಕಳಿಕಿ ಬರ್ತಾವು," ಎಂದಳು.

ರುಕ್ಮವ್ವ ನೆಲದ ಮೇಲೇ ಕೂತಳು. ಮಗು ಒಂದು ಕೈಯಿಂದ ಲೋಟ ಹಿಡಿದು, ಇನ್ನೊಂದು ಕೈಯನ್ನು ಅವಳ ಗಲ್ಲದ ಕೆಳಗೆ ಬೊಗಸೆ ಮಾಡಿ ಕುಡಿಸಿತು. ನೀರು ಒಳಗೆ ಇಳಿಯಲಿಲ್ಲ, ಕಣ್ಣಲ್ಲಿ ಬಂತು. "ಅಳಬ್ಯಾಡವ್ವಾ, ಮನಿಗೆ ಹೋಗೂನು," ಎಂದು ಸುಮ್ಮಿ ಅದೇ ಬೊಗಸೆಯಿಂದ ಅವಳ ಕೆನ್ನೆ ಒರೆಸಿದಳು.

ಪೆನ್ನು ಕೆಳಗಿಟ್ಟು ನರಸಿಂಹಯ್ಯ ಮೇಡಂ ಕಡೆ ತಿರುಗಿದರು.

"ನಾವು ಕೇಳಿದ್ದಕ್ಕೆ ಗೊತ್ತಿಲ್ಲ ಅಂತು. ಇವರು ನೀರು ಕೇಳಿದ್ದಕ್ಕೆ ಉತ್ತರ ಕೊಟ್ಟುಬಿಡ್ತಲ್ಲ, ನೋಡಿದ್ರಾ?" ಎಂದರು.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ತಾಯಿಯನ್ನು ಹುಡುಕಿಸುವುದು, ಅಲ್ಲಿಯತನಕ ಮಗು ರುಕ್ಮವ್ವನ ಹತ್ತಿರವೇ ಇರುವುದು, ಅಂಗನವಾಡಿಗೆ ಹೋಗುವುದು, ಕೃಪಾ ಆಗಾಗ ಮನೆಗೆ ಹೋಗಿ ನೋಡಿ ಬರುವುದು ಎಂದು ತೀರ್ಮಾನವಾಯಿತು. ತಾಯಿ ಸಿಕ್ಕರೆ ಏನು ಎಂಬುದನ್ನು ಯಾರೂ ಎತ್ತಲಿಲ್ಲ, ರುಕ್ಮವ್ವನೂ ಕೇಳಲಿಲ್ಲ.

ಹೊರಗೆ ಮೆಟ್ಟಿಲಿಳಿಯುವಾಗ ಕೃಪಾ ತಡೆಯಲಾರದೆ ಕೇಳಿದಳು: "ನಿಜ ಹೇಳಿ ಅಮ್ಮಾ. ಒಳಗೆ ನಿಮಗೆ ಬಾಯಾರಿತ್ತಾ, ಇಲ್ಲಾ ಬೇಕಂತ್ಲೇ ನೀರು ಕೇಳಿದ್ರಾ?"

ರುಕ್ಮವ್ವ ಅವಳ ಮುಖವನ್ನೂ, ಚೀಲದಿಂದ ಇಣುಕುತ್ತಿದ್ದ ತುಂಬಿದ ಬಾಟಲಿಯನ್ನೂ ಒಮ್ಮೆ ನೋಡಿದಳು. ಸುಮ್ಮಿಯ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಗೊತ್ತಿಲ್ಲ," ಎಂದಳು.