ಚೆಂಡಿನ ಆಚೆ ಬದಿ

ಗಂಡಸರ ಅಂಗಿಗೆ ಗುಂಡಿಗಳನ್ನು ಬಲಗಡೆಗೇ ಹೊಲಿಯಬೇಕೆಂದು ಮೊದಲು ನಿಶ್ಚಯಿಸಿದವರು ಯಾರೋ ನನಗೆ ತಿಳಿಯದು. ಆದರೆ ಬಲಗೈ ಎಂಬುದು ಮನುಷ್ಯನನ್ನು ಒಂದು ದಿನ ಕೈಬಿಡಬಹುದು ಎಂಬ ಅನುಮಾನ ಅವರಿಗೆ ಇದ್ದಿರಲಾರದು. ಬೆಳಗ್ಗೆ ಮಸ್ಕಿಯಿಂದ ಲಿಂಗಸುಗೂರಿನ ಬಸ್ಸು ಹಿಡಿಯುವ ಅವಸರದಲ್ಲಿ ನನ್ನ ಗಂಡನ ಅಂಗಿಯ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಹಾಕುತ್ತ ಬರುವಾಗ ನನಗೆ ಆ ಹಳೆಯ ದರ್ಜಿಯ ನೆನಪಾಗುತ್ತದೆ. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣವೂ ಆ ಹೊತ್ತಿಗೆ ಉಳಿದಿರುವುದಿಲ್ಲ.

ನನ್ನ ಗಂಡ ದೇವೇಂದ್ರಪ್ಪ ಮಸ್ಕಿಯಲ್ಲಿ ನೀರೆತ್ತುವ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದರು. ಸುಟ್ಟುಹೋದ ಮೋಟರನ್ನು ಬಿಚ್ಚಿ, ಕಪ್ಪಾದ ತಂತಿ ಕಿತ್ತು, ಹೊಸ ತಾಮ್ರವನ್ನು ಸುತ್ತು ಸುತ್ತಾಗಿ ಕೂರಿಸುವ ಆ ಕೆಲಸದಲ್ಲಿ ಅವರ ಬಲಗೈ ಅವರಿಗಿಂತ ಮುಂದೆ ಓಡುತ್ತಿತ್ತು. ಎರಡು ವರ್ಷದ ಹಿಂದೆ ಲಕ್ವಾ ಹೊಡೆಯಿತು. ಕಾಲು ಎಳೆದುಕೊಂಡಾದರೂ ಮರಳಿತು, ಮಾತು ತೊದಲುತ್ತಲಾದರೂ ಮರಳಿತು, ಬಲಗೈ ಮಾತ್ರ ಬರಲಿಲ್ಲ. ಎಡಗೈಯನ್ನು ರೂಢಿ ಮಾಡಿಕೊಳ್ಳಿ ಎಂದು ಡಾಕ್ಟರು ಹೇಳಿದರೆ, ಇವರು ಅದನ್ನು ಪರರ ಕೈಯೆಂಬಂತೆ ತೊಡೆಯ ಮೇಲೆ ಇಟ್ಟುಕೊಂಡು ಕೂತರು.

"ಇದು ನನ್ನ ಕೈ ಅಲ್ಲ. ಬಲಗೈ ಬಂದ ಮ್ಯಾಲೆ ನೋಡಣ" ಅನ್ನುತ್ತಿದ್ದರು.

ಬರದ ಕೈಗಾಗಿ ಅವರು ಕಾದರು, ಅವರಿಗಾಗಿ ನಾನು ಕಾದೆ. ಲಿಂಗಸುಗೂರಿನ ಕಾಲೇಜಿನ ಕಚೇರಿಯಲ್ಲಿ ದಿನವಿಡೀ ಊರ ಮಕ್ಕಳ ಪ್ರವೇಶ, ವರ್ಗಾವಣೆ ನೋಡಿ ಸಂಜೆ ಮನೆಗೆ ಬಂದರೆ, ಬಿಟ್ಟುಹೋದ ಕುರ್ಚಿಯಲ್ಲೇ ಅವರು. ಊಟ ಕಲಸಿಕೊಡುವುದು, ಮುಖ ಒರೆಸುವುದು, ಬಲಬದಿಗೆ ನಿಂತು ನಡೆಸುವುದು. ದಣಿವಿನಲ್ಲಿ ಎರಡು ಬಗೆಯುಂಟು ಎಂಬುದು ನಿಮಗೂ ಗೊತ್ತಿರಬಹುದು: ಮಲಗಿದರೆ ಹೋಗುವುದು ಒಂದು, ಮಲಗಿದಾಗ ಮಗ್ಗುಲಲ್ಲೇ ಮಲಗಿ, ಎದ್ದಾಗ ಜೊತೆಗೇ ಏಳುವುದು ಇನ್ನೊಂದು. ನನ್ನದು ಎರಡನೆಯದು.

ಹೀಗಿರುವಾಗ ಮೌಲಾ ಬಂದ. ಸಿಂಧನೂರಿನ ಕಡೆಯ ವಳಕಮದಿನ್ನಿಯವನು, ಹರೆಯದಲ್ಲಿ ನಮ್ಮ ಅಂಗಡಿಯಲ್ಲಿ ಕೆಲಸ ಕಲಿತು, ಆಮೇಲೆ ಅರಬರ ನಾಡಿಗೆ ಹೋಗಿ ಗಾಲ್ಫ್ ಮೈದಾನವೊಂದರಲ್ಲಿ ಹುಲ್ಲು ಕತ್ತರಿಸುತ್ತ ಬಹಳ ವರ್ಷ ಕಳೆದು, ಈಗ ಊರಲ್ಲಿ ಭತ್ತ ಬೆಳೆಯುತ್ತಿದ್ದಾನೆ. ನನ್ನ ಗಂಡನನ್ನು ಇಂದಿಗೂ ಉಸ್ತಾದ್ ಎಂದೇ ಕರೆಯುತ್ತಾನೆ. ಅಂದು ಅವನ ಕೈಯಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಉದ್ದನೆಯದೊಂದು ವಸ್ತುವಿತ್ತು. ಬಿಚ್ಚಿದರೆ ಗಾಲ್ಫ್ ಆಡುವ ಕೋಲು.

"ಉಸ್ತಾದ್, ಇದು ಎಡಚರ ಕೋಲು. ಮುಖ ನೋಡ್ರಿ, ಉಳಿದ ಕೋಲಿಗೆ ಉಲ್ಟಾ ಐತಿ. ಅಲ್ಲಿ ವರ್ಷಕ್ಕೊಮ್ಮೆ ಎಡಚರೇ ಕೂಡಿ ಆಡಾಕ ಬರತಿದ್ರು. ಒಬ್ಬ ಮುದುಕಪ್ಪ ನಾ ಊರಿಗೆ ಹೊಂಟಾಗ ಇದನ್ನ ಕೊಟ್ಟ. ನಾನರ ಬಲಗೈಯವ. ಅಟ್ಟದ ಮ್ಯಾಲೆ ಬಿದ್ದಿತ್ತು."

ಗಂಡ ಮುಖ ತಿರುವಿದರು. "ಹುಟ್ಟಾ ಎಡಚರಿಗೆ ಅದು. ನಾ ಕೆಟ್ಟ ಬಲಗೈಯವ" ಎಂದರು. ಮೌಲಾ ಕೋಲನ್ನು ಬಾಗಿಲ ಸಂದಿಗೆ ಒರಗಿಸಿ, ಚಹಾ ಕುಡಿದು ಹೋದ.

ಮರುದಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ, ಕಣ್ಣು ಮುಚ್ಚಲು ಬಿಡದ ರಸ್ತೆಯಲ್ಲಿ, ಮೊಬೈಲಿನೊಳಗೆ ಆ ಎಡಚರನ್ನು ಹುಡುಕಿದೆ. ನಂಬಿದರೆ ನಂಬಿ, ಅವರಿಗೆ ಒಂದು ಚರಿತ್ರೆಯೇ ಇದೆ. ಗಾಲ್ಫಿನ ಹಳೆಯ ಕಾಲದಲ್ಲಿ ಎಡಗೈಯ ಕೋಲು ಅಂಗಡಿಯಲ್ಲಿ ಸಿಗುವುದೇ ಅಪರೂಪವಾಗಿತ್ತಂತೆ. ಎಷ್ಟೋ ಮಂದಿ ಎಡಚರು ಬೇರೆ ದಾರಿಯಿಲ್ಲದೆ ಬಲಗೈಯಾಟ ಕಲಿತು, ಜೀವನವಿಡೀ ತಮ್ಮದಲ್ಲದ ಬದಿಯಲ್ಲಿ ನಿಂತು ಆಡಿದರಂತೆ. ಎರಡನೆಯ ಮಹಾಯುದ್ಧಕ್ಕೂ ಮೊದಲೇ ಅಮೆರಿಕದಲ್ಲಿ ಎಡಚ ಆಟಗಾರರು ಒಂದು ಸಂಘ ಕಟ್ಟಿಕೊಂಡು ತಮ್ಮದೇ ಪಂದ್ಯ ಶುರುಮಾಡಿದರು. ಆಮೇಲೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎಂದು ಒಂದೊಂದು ದೇಶಕ್ಕೂ ಅಂಥ ಕೂಟಗಳಾದವು. ಕೊನೆಗೆ ಅವೆಲ್ಲ ಸೇರಿ ಜಗತ್ತಿಗೇ ಒಂದು ಸಂಘವಾಗಿ, ಎರಡು ವರ್ಷಕ್ಕೊಮ್ಮೆ ಒಂದು ದೇಶದಲ್ಲಿ ಕೂಡುವ ಪದ್ಧತಿ ಬಂತು. ಅಲ್ಲಿ ಆಡುವವರು ಹೊಟ್ಟೆಪಾಡಿಗೆ ಆಡುವವರಲ್ಲ. ನಮ್ಮ ನಿಮ್ಮಂತೆ ಬೇರೆ ಬೇರೆ ಕೆಲಸ ಮಾಡಿಕೊಂಡು, ವಯಸ್ಸಾಗುತ್ತ, ಮಂಡಿ ನೋಯಿಸಿಕೊಳ್ಳುತ್ತ ಇರುವ ಹೆಂಗಸರು, ಗಂಡಸರು. ಇಷ್ಟು ಸಣ್ಣ ಕಾರಣಕ್ಕೆ ಸಮುದ್ರ ದಾಟಿ ಬಂದು ಸೇರುವವರನ್ನು ಕಂಡು ಮೊದಲು ನಗು ಬಂತು. ಆಮೇಲೆ, ನನ್ನಂತೆ ಬಲಬದಿಗೆ ನಿಂತು ಗಂಡಂದಿರನ್ನು ನಡೆಸುವ ಹೆಂಗಸರಿಗೊಂದು ಸಂಘವಿದ್ದರೆ ಯಾವ ದೇಶಕ್ಕೆಂದರೂ ಹೋಗಿಬಿಡುತ್ತಿದ್ದೆನಲ್ಲ ಅನ್ನಿಸಿ ನಗು ನಿಂತಿತು.

ಆ ಸಂಜೆ ರೊಟ್ಟಿ ಮುರಿದು ಬಾಯಿಗಿಡುತ್ತ ಅವರಿಗೆ ಇದನ್ನೆಲ್ಲ ಹೇಳಿದೆ. ಕೇಳಿಯೂ ಕೇಳದಂತಿದ್ದರು. ಒಂದು ಮಾತಿಗೆ ಮಾತ್ರ ಅವರ ದವಡೆ ನಿಂತಿತು. ಗಾಲ್ಫಿನಲ್ಲಿ ಎಡಚ ಎಂದರೆ ಹುಟ್ಟಿನಿಂದ ಎಡಗೈಯವನೇ ಆಗಬೇಕಿಲ್ಲ. ಚೆಂಡಿನ ಆಚೆ ಬದಿಗೆ ನಿಂತು ಆ ಬಗೆಯ ಕೋಲಿನಿಂದ ಹೊಡೆಯುವವನು ಎಂದಷ್ಟೇ ಅರ್ಥ. ಉಳಿದೆಲ್ಲ ಕೆಲಸಕ್ಕೂ ಬಲಗೈಯನ್ನೇ ಬಳಸುತ್ತ ಆಟದಲ್ಲಿ ಮಾತ್ರ ಎಡಚರಾಗಿ ದೊಡ್ಡ ಪಂದ್ಯ ಗೆದ್ದವರಿದ್ದಾರೆ.

"ಯಾಕ ಎಡಚ ಆದಿ ಅಂತ ಕೇಳಂಗಿಲ್ಲೇನು ಅವರು?"

"ಹಂಗ ಕೇಳ್ತಾರಂತ ಎಲ್ಲೂ ಬರೆದಿಲ್ಲ. ಎಲ್ಲಿ ನಿಂತು ಹೊಡೀತಿ, ಅಷ್ಟ."

ಬಾಯಲ್ಲಿದ್ದ ರೊಟ್ಟಿ ನುಂಗಿ ಅವರು, "ಮೌಲಾಗ ಫೋನ್ ಹಚ್ಚು" ಎಂದರು.

ಮೌಲಾನ ಹೊಲ ಕಾಲುವೆಯ ಕೊನೆಯ ತುದಿಯಲ್ಲಿದೆ. ನೀರು ಅಲ್ಲಿಗೆ ಒಂದು ಬೆಳೆಗಷ್ಟೇ ಬರುವುದರಿಂದ, ಭತ್ತ ಕೊಯ್ದ ಮೇಲೆ ನೆಲ ಖಾಲಿ ಬಿದ್ದಿರುತ್ತದೆ. ಭಾನುವಾರ ಸಿಂಧನೂರಿನವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಆಟೊದಲ್ಲಿ ನಾವು ಆ ಹೊಲಕ್ಕೆ ಮುಟ್ಟಿದೆವು. ಮೌಲಾ ಭತ್ತದ ಕೂಳೆಯನ್ನು ಒಂದಿಷ್ಟು ಜಾಗದಲ್ಲಿ ಸವರಿ ಸಮ ಮಾಡಿ, ನಡುವೆ ಒಂದು ಚೆಂಡು ಇಟ್ಟಿದ್ದ. ನಾನು ಎಂದಿನಂತೆ ಗಂಡನ ಬಲಬದಿಗೆ ನಿಂತೆ.

"ಭಾಬಿ, ಅಲ್ಲಿ ನಿಂದ್ರಬ್ಯಾಡ್ರಿ" ಎಂದ ಮೌಲಾ. "ಕೋಲು ತಿರುಗ್ತದ. ದೂರ ಹೋಗ್ರಿ."

"ಇವರು ಬಿದ್ರ?"

"ದೂರ ಹೋಗ್ರಿ ನೀವು."

ಬದುವಿನ ತನಕ ನಡೆದು ಹೋಗಿ ನಿಂತೆ. ಎರಡು ವರ್ಷದಲ್ಲಿ ಅವರು ಎದ್ದು ನಿಂತಿರುವಾಗ ನಾನು ಅಷ್ಟು ದೂರ ನಿಂತದ್ದು ಅದೇ ಮೊದಲು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನೊಳಗೆ ಸುತ್ತಿಕೊಂಡೆ. ಅವರು ಎಡಗೈಯೊಂದರಲ್ಲೇ ಕೋಲು ಬೀಸಿದರು. ಗಾಳಿಗೆ ಹೊಡೆದರು, ಮಣ್ಣಿಗೆ ಹೊಡೆದರು. ಚೆಂಡು ಇಟ್ಟಲ್ಲಿಯೇ ಇತ್ತು. ಮತ್ತೊಮ್ಮೆ ಜೋರಾಗಿ ಬೀಸಿದಾಗ ಕಾಲು ತಡೆಯದೆ ಮೊಣಕಾಲ ಮೇಲೆ ಕುಸಿದರು. ನಾನು ಓಡಿದೆ.

"ಬರಬ್ಯಾಡ" ಎಂದರು ಅವರು. ಆ ಪದ ತೊದಲದೆ ಬಂತು.

ನಿಂತೆ. ಇಂಥದೊಂದು ಮಾತು ಅವರ ಬಾಯಿಂದ ಬರಲೆಂದು ನಾನು ಬಹಳ ದಿನದಿಂದ ಹಂಬಲಿಸಿದ್ದು ಎಷ್ಟು ನಿಜವೋ, ಬಂದಾಗ ಅದು ಎದೆಗೆ ಚುಚ್ಚಿದ್ದೂ ಅಷ್ಟೇ ನಿಜ. ಬೇಡವಾದವಳಂತೆ ಅಲ್ಲಿ ನಿಂತು, ಅವರು ಕೋಲನ್ನು ನೆಲಕ್ಕೂರಿ, ಮೌಲಾ ಚಾಚಿದ ಕೈಯನ್ನೂ ಹಿಡಿಯದೆ, ಇಂಚಿಂಚಾಗಿ ಏಳುವುದನ್ನು ನೋಡಿದೆ. ಆಮೇಲೆ ಅವರು ಹೊಡೆದ ಚೆಂಡು ನಾಲ್ಕು ಮಾರು ಉರುಳಿ ಎರೆಮಣ್ಣಿನ ಬಿರುಕಿನೊಳಗೆ ಇಳಿದುಹೋಯಿತು. ಮೌಲಾ ಬಗ್ಗಿ ಬಿರುಕಿನೊಳಗೆ ಕಡ್ಡಿ ಹಾಕಿ ಕೆದಕುತ್ತ, "ಉಸ್ತಾದ್, ಮೈದಾನದಾಗ ಇದಕ್ಕಂತ ತೂತು ತೋಡಿರ್ತಾರ. ನಮ್ಮ ಹೊಲದಾಗ ತಾವ ಹುಟ್ಯಾವ" ಎಂದ. ಗಂಡ ನಕ್ಕರು. ಅವರ ನಗು ಲಕ್ವಾ ಆದ ಮೇಲೆ ಒಂದು ಬದಿಗೆ ವಾಲುತ್ತದೆ ಎಂಬುದು ನನಗೆ ಆಗ ಗೊತ್ತಾಯಿತು. ಆ ಎರಡು ವರ್ಷ ಅವರು ನಕ್ಕಿರಲೇ ಇಲ್ಲ.

ಪವಾಡವಾಯಿತೆಂದು ನಾನು ಹೇಳಲಾರೆ. ಬಲಗೈ ಇಂದಿಗೂ ಬಂದಿಲ್ಲ, ಅಂಗಡಿ ಬೇರೆಯವರ ಪಾಲಾಯಿತು, ಜಗತ್ತಿನ ಎಡಚರ ಪಂದ್ಯಕ್ಕೆ ನಾವು ಹೋಗುವವರೂ ಅಲ್ಲ. ಆದರೆ ಕಾಯುವುದನ್ನು ಅವರು ಬಿಟ್ಟರು. ಎಡಗೈಯಲ್ಲಿ ಅನ್ನ ಚೆಲ್ಲುತ್ತ ಉಣ್ಣತೊಡಗಿದರು, ಹಲ್ಲುಜ್ಜತೊಡಗಿದರು, ನನ್ನ ಮೇಲೆ ಸಿಟ್ಟಾಗತೊಡಗಿದರು. ಚೆಲ್ಲಿದ ಅನ್ನ ಬಳಿಯುವ ಕೆಲಸ ನನಗೆ ಹೆಚ್ಚಿತು, ದಣಿವೇನೂ ಕಡಿಮೆಯಾಗಲಿಲ್ಲ. ಭಾನುವಾರದ ವಿಶ್ರಾಂತಿಯನ್ನೂ ಆ ಹೊಲ ನುಂಗಿತು.

ಕಳೆದ ಭಾನುವಾರವೂ ಹೋಗಿದ್ದೆವು. ಅವರಿಬ್ಬರೂ ಆಡುತ್ತಿದ್ದರು, ನಾನು ಬದುವಿನ ಬೇವಿನ ನೆರಳಿನಲ್ಲಿ ಕೂತವಳು ಯಾವಾಗ ಒರಗಿದೆನೋ ತಿಳಿಯದು. ಕಣ್ಣು ಬಿಟ್ಟಾಗ ನೆರಳು ನನ್ನನ್ನು ಬಿಟ್ಟು ಆಚೆ ಸರಿದಿತ್ತು. ಆದರೂ ಮುಖಕ್ಕೆ ಬಿಸಿಲಿರಲಿಲ್ಲ. ಮೌಲಾ ಕಾಣಲಿಲ್ಲ. ಗಂಡ ಒಬ್ಬರೇ ಹೊಲ ದಾಟಿ ಬಂದು, ನನ್ನ ತಲೆಯ ಕಡೆ, ಬಿಸಿಲಿಗೆ ಬೆನ್ನು ಮಾಡಿ ಕೂತಿದ್ದರು. ಬೆನ್ನಿನ ಅಂಗಿ ತೊಯ್ದು ಅಂಟಿಕೊಂಡಿತ್ತು.

"ಬಸ್ಸು?" ಎಂದೆ.

"ಹೋತು."

"ಎಬ್ಬಸಬೇಕಿಲ್ಲೇನು?"

"ಇನ್ನೊಂದು ಬರ್ತದ" ಎಂದು, ಎದ್ದೇಳುತ್ತಿದ್ದ ನನ್ನ ಭುಜವನ್ನು ಎಡಗೈಯಿಂದ ಮೆಲ್ಲಗೆ ಕೆಳಕ್ಕೊತ್ತಿದರು. "ಮಲ್ಕೋ."

ನಾನು ಮತ್ತೆ ಮಲಗಿದೆ.