ಕುಜನಿಗೆ ಸೊಪ್ಪು ಹಾಕದ ವನಮಾಲಾ

ನಮ್ಮ ವನಮಾಲಕ್ಕನಿಗೆ ಕೊಯಮತ್ತೂರಿನ ನಮ್ಮ ಬೀದಿಯವರು ಇಟ್ಟ ಹೆಸರು ‘ಬಾಳೆಗಿಡದ ಹೆಂಡತಿ’. ಹಾಗೆ ಆಡಿಕೊಂಡು ನಕ್ಕವರಲ್ಲಿ ಒಬ್ಬರಿಗೂ ಅವಳ ಎದೆಗಾರಿಕೆಯ ಕಾಲುಭಾಗ ಇರಲಿಲ್ಲ. ನಾನು ಅವಳ ತಂಗಿ ವೇದವತಿ. ಪಕ್ಷಪಾತ ಅನ್ನುವವರು ಅನ್ನಲಿ.

ಅಕ್ಕ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಅವಳ ಜಾತಕದಲ್ಲಿ ಎಂಟನೇ ಮನೆಯಲ್ಲಿ ಕುಜ ಕೂತಿದ್ದ. ಅಂಥವಳಿಗೆ ಗಂಡ ಉಳಿಯುವುದಿಲ್ಲ ಎಂದು ಜೋಯಿಸರು ಹೇಳಿಬಿಟ್ಟಿದ್ದರು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತೆ, ಮೊದಲು ಒಪ್ಪಿದ ಹುಡುಗ ನಿಶ್ಚಿತಾರ್ಥಕ್ಕೆ ಮುಂಚೆಯೇ ಟೈಫಾಯ್ಡ್ ಬಂದು ತೀರಿಕೊಂಡ. ಟೈಫಾಯ್ಡ್ ಬಂದದ್ದು ಕೆಟ್ಟ ನೀರಿನಿಂದ, ಕೆಟ್ಟ ಹೆಸರು ಬಂದದ್ದು ಅಕ್ಕನಿಗೆ. ಗಂಡನನ್ನು ತಿನ್ನುವವಳು ಎಂದು ನಲ್ಲಿಯ ಹತ್ತಿರ ಹೆಂಗಸರು ಪಿಸುಗುಟ್ಟುವುದು ಅವಳಿಗೂ ಕೇಳಿಸುತ್ತಿತ್ತು.

ನಮ್ಮಪ್ಪ ವ್ಯಾಸರಾಯರು ವಕೀಲರು. ಅವರ ತಂದೆ ಪಂಚಾಂಗ ಬರೆಯುತ್ತಿದ್ದವರಾದ್ದರಿಂದ ಗ್ರಹಗಣಿತ ಅಪ್ಪನಿಗೂ ಬರುತ್ತಿತ್ತು. ಐವತ್ತಾರನೇ ಇಸವಿಯ ಗಣೇಶನ ಹಬ್ಬದ ಸುಮಾರಿಗೆ ಕುಜ ಭೂಮಿಗೆ ತೀರ ಹತ್ತಿರ ಬಂದಿದ್ದ. ದೀಪ ಹಚ್ಚುವ ಹೊತ್ತಿಗೆ ಪೂರ್ವಕ್ಕೆ, ಸೂಲೂರಿನ ದಿಕ್ಕಿನಲ್ಲಿ, ಕೆಂಡದ ಹಾಗೆ ಏಳುತ್ತಿದ್ದ. ಅಪ್ಪ ನಮ್ಮಿಬ್ಬರನ್ನೂ ಮಾಳಿಗೆಗೆ ಕರೆದುಕೊಂಡು ಹೋಗಿ, ಹಿತ್ತಾಳೆಯ ಹರಿವಾಣ ನೆಲಕ್ಕಿಟ್ಟು, ನನ್ನ ಬಳೆಯೊಂದಕ್ಕೆ ಕುಂಕುಮದ ಚುಕ್ಕೆ ಇಟ್ಟರು.

ಕುಜ ನಕ್ಷತ್ರಗಳ ನಡುವೆ ಪೂರ್ವಕ್ಕೆ ನಡೆಯುತ್ತ ನಡೆಯುತ್ತ ಒಮ್ಮೆ ನಿಂತುಬಿಡುತ್ತಾನೆ, ಹಿಂದಕ್ಕೆ ಹೋಗುತ್ತಾನೆ, ಆಮೇಲೆ ಮತ್ತೆ ಮುಂದಕ್ಕೆ. ಭೂಮಿ ನಡುವೆ ಕದಲದೆ ಕೂತಿದೆ ಎಂದು ನಂಬಿದ್ದ ಹಿಂದಿನವರಿಗೆ ಇದು ದೊಡ್ಡ ತೊಡಕು. ಅವರು ಅದನ್ನು ಬಿಡಿಸಿದ್ದು ಹೀಗೆ: ಭೂಮಿಯ ಸುತ್ತ ಒಂದು ದೊಡ್ಡ ವೃತ್ತ, ಅದರ ಅಂಚಿನ ಮೇಲೆ ಸಾಗುವ ಚಿಕ್ಕ ವೃತ್ತ, ಆ ಚಿಕ್ಕದರ ಮೇಲೆ ಗ್ರಹ. ಅಪ್ಪ ಬಳೆಯನ್ನು ಬೇಗ ಬೇಗ ತಿರುಗಿಸುತ್ತ ಹರಿವಾಣದ ಅಂಚಿನ ಗುಂಟ ಸರಿಸಿದರು. ಕುಂಕುಮದ ಚುಕ್ಕೆ ಮುಂದೆ ಹೋಯಿತು, ತಡೆಯಿತು, ಹಿಂದೆ ಬಂತು, ಮತ್ತೆ ಮುಂದೆ ಹೋಯಿತು.

“ಈಗ ನಡುವೆ ಇರೋದು ಸೂರ್ಯ ಅಂತ ಗೊತ್ತಾಗಿದೆ,” ಅಂದಳು ಅಕ್ಕ. “ಪೊಳ್ಳಾಚಿ ಬಸ್ಸಲ್ಲಿ ಹೋಗ್ತಾ ಎತ್ತಿನ ಗಾಡೀನ ದಾಟಿದ್ರೆ ಗಾಡಿ ಹಿಂದೆ ಹೋದ ಹಾಗೆ ಕಾಣತ್ತಲ್ಲ, ಅಷ್ಟೇ. ನಮ್ಮ ಭೂಮಿ ಅವನನ್ನ ದಾಟ್ಕೊಂಡು ಹೋಗತ್ತೆ.”

“ಭೂಮಿ ನಿಂತಿದೆ ಅಂದ್ಕೊಂಡದ್ದು ತಪ್ಪೇ. ಆದ್ರೂ ಕುಜ ಯಾವತ್ತು ಎಲ್ಲಿರ್ತಾನೆ ಅಂತ ಹೇಳ್ತಿದ್ರಲ್ಲ. ಸಾಧಾರಣ ಮೂಳೆ ಅಲ್ಲ ಅದು,” ಎಂದರು ಅಪ್ಪ. ಮೂಳೆ ಅಂದರೆ ನಮ್ಮೂರ ತಮಿಳಿನಲ್ಲಿ ಬುದ್ಧಿ, ಮಿದುಳು.

“ಸರಿ. ಈ ಬಳೇಲಿ ನನ್ನ ಗಂಡನ್ನ ಸಾಯಿಸೋ ಜಾಗ ಎಲ್ಲಿದೆ ಅಪ್ಪಾ?”

“ಎಲ್ಲೂ ಇಲ್ಲ.”

“ಅದನ್ನ ನಾಲ್ಕು ಜನರ ಮುಂದೆ ಹೇಳ್ತೀರಾ?”

ಅಪ್ಪ ಹರಿವಾಣ ಎತ್ತಿಕೊಂಡರು. “ಊರ ಬಾಯಿ ಮುಚ್ಚಿಸೋಕಾಗತ್ತಾಮ್ಮಾ,” ಎಂದು ಕೆಳಗಿಳಿದರು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ನನಗೆ ಮೈ ಉರಿದುಹೋಯಿತು. ಬೀದಿಯವರ ಮಾತಿಗಿಂತ ಅಪ್ಪನ ಮೌನವೇ ಅಕ್ಕನನ್ನು ಹೆಚ್ಚು ನೋಯಿಸಿತು ಎಂದು ನನಗೆ ಗೊತ್ತು.

ಆಮೇಲೆ ಧಾರಾಪುರದಿಂದ ಸಂಬಂಧ ಬಂತು. ಹುಡುಗ ರಂಗನಾಥ, ಓವರ್‌ಸೀಯರ್. ಅವನ ತಾಯಿ ಸರಸ್ವತಮ್ಮ ಒಂದೇ ಕರಾರು ಹಾಕಿದರು: ಮೊದಲು ಹುಡುಗಿಗೆ ಬಾಳೆಗಿಡದೊಂದಿಗೆ ಮದುವೆ ಮಾಡಬೇಕು, ತಾಳಿಯಾದ ಮೇಲೆ ಗಿಡವನ್ನು ಕಡಿಯಬೇಕು. ಕುಜ ತಿನ್ನುವ ಗಂಡ ಆ ಗಿಡವೇ ಆಗಿಬಿಟ್ಟರೆ ಎರಡನೆಯವನಾದ ತಮ್ಮ ಮಗನಿಗೆ ಅಪಾಯವಿಲ್ಲ. ಅಪ್ಪ ಮೀನ ಮೇಷ ಎಣಿಸದೆ ಒಪ್ಪಿದರು. ಅಕ್ಕ ಎರಡು ದಿನ ಊಟ ಬಿಟ್ಟಳು. ಮೂರನೇ ದಿನ ತಾನೇ ಬಂದು, “ಆಗಲಿ, ಮಾಡಿ,” ಎಂದಳು.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಬಾಳೆಗೆ ಜರಿಪಂಚೆ ಉಡಿಸಿ ಬಾಸಿಂಗ ಕಟ್ಟಿದರು. ಧಾರಾಪುರದಿಂದ ತಾಯಿ ಮಗ ಇಬ್ಬರೂ ಬಂದಿದ್ದರು. ಸುಮ್ಮನೆ ಹೇಳಬಾರದು, ಗಂಡು ಎತ್ತರವಾಗಿ, ಬೆಳ್ಳಗೆ, ಮಾತಿಲ್ಲದೆ ನಿಂತಿತ್ತು. ಪುರೋಹಿತರು ಮಂತ್ರ ಹೇಳಿ, ಗಿಡದ ಪರವಾಗಿ ಅರಿಶಿನದ ತಾಳಿ ಕೊಟ್ಟರು. ಅಕ್ಕ ಕಟ್ಟಿಕೊಂಡಳು. ಹುಡುಗಿಯನ್ನು ಒಳಗೆ ಕಳಿಸಿ ಎಂದು ಪುರೋಹಿತರು ಅಪ್ಪನ ಕೈಗೆ ಕತ್ತಿ ಕೊಟ್ಟರು.

ಅಕ್ಕ ಒಳಗೆ ಹೋಗಲಿಲ್ಲ. ಗಿಡಕ್ಕೆ ಬೆನ್ನು ಕೊಟ್ಟು ನಿಂತಳು.

“ಈಗ ತಾನೆ ಮದುವೆ ಮಾಡಿಸಿದೀರಿ. ಕಣ್ಣೆದುರಿಗೇ ಗಂಡನ್ನ ಕಡಿಯೋಕೆ ಬಿಡ್ತೀನಾ?”

“ಇದೇನಮ್ಮಾ ವಿಳಯಾಟ್ಟು, ಆಟ ಆಡೋ ಹೊತ್ತಾ ಇದು,” ಎಂದರು ಸರಸ್ವತಮ್ಮ. “ಸಾಂಗ್ಯ ತಾನೆ ಇದು, ಒಂದು ಶಾಸ್ತ್ರ ಅಷ್ಟೇ.”

“ಮದುವೆ ಬರೀ ಸಾಂಗ್ಯ ಆದ್ರೆ ದೋಷಾನೂ ಬರೀ ಸಾಂಗ್ಯ. ದೋಷ ನಿಜ ಆದ್ರೆ ಈ ಮದುವೇನೂ ನಿಜ. ಯಾವುದು ಅಂತ ನೀವೇ ಹೇಳಿ. ಇದನ್ನ ಕಡಿಯೋಕೆ ಬಿಟ್ರೆ ನಾನು ಗಂಡನ್ನ ತಿನ್ನೋಳು ಅಂತ ನಾನೇ ಒಪ್ಕೊಂಡ ಹಾಗೆ. ಒಪ್ಪಲ್ಲ.” ಆಮೇಲೆ ರಂಗನಾಥನ ಕಡೆ ತಿರುಗಿದಳು. “ನೀವು ಹೇಳಿ. ನನ್ನಿಂದ ನಿಮ್ಮ ಜೀವ ಹೋಗತ್ತಾ?”

ಅವನು ಒಳ್ಳೆಯ ಹುಡುಗನೇ. ನೆಲ ನೋಡಿದ. “ಛೆ, ಹಾಗಲ್ಲ... ಆದ್ರೂ...”

“ಆ ‘ಆದ್ರೂ’ ಜೊತೆ ನಾನು ಬಾಳಲಾರೆ,” ಅಂದಳು ಅಕ್ಕ.

ಅಪ್ಪ ಕತ್ತಿಯನ್ನು ಕಲ್ಲಿನ ಮೇಲಿಟ್ಟರು. ಬಾಯಿ ಮಾತ್ರ ಬಿಡಲಿಲ್ಲ. ಧಾರಾಪುರದವರು ಊಟಕ್ಕೂ ನಿಲ್ಲದೆ ಹೊರಟುಹೋದರು.

ಅಕ್ಕ ಆ ತಾಳಿ ಹಾಕಿಕೊಂಡೇ ಶಾಲೆಗೆ ಹೋದಳು. ಯಜಮಾನರು ಹೇಗಿದ್ದಾರೆ ಎಂದು ಬೀದಿಯಲ್ಲಿ ಕೆಣಕಿದರೆ, “ಚೆನ್ನಾಗಿದ್ದಾರೆ, ಎದುರು ಮಾತಾಡಲ್ಲ. ನಿಮ್ಮವರು?” ಎಂದು ಕೇಳುತ್ತಿದ್ದಳು. ಹಾಲಿನ ಸುಬ್ಬಾತಾಳ್ ಮಾತ್ರ ನಗಲಿಲ್ಲ. ಕುಡಿದು ಬಂದು ಹೊಡೆಯುವ ತನ್ನ ಗಂಡನಿಗಿಂತ ಈ ಗಿಡವೇ ವಾಸಿ ಎಂದು ತಮಿಳಿನಲ್ಲಿ ಹೇಳಿ, ಅದರ ಬುಡಕ್ಕೆ ಸಗಣಿ ಹಾಕಿ ಹೋಗುತ್ತಿದ್ದಳು.

ಮರುವರ್ಷ ಬಾಳೆ ಗೊನೆ ಬಿಟ್ಟಿತು. ಗೊನೆ ಬಲಿತ ಮೇಲೆ ಗಿಡ ಒಣಗತೊಡಗಿತು. ಅಕ್ಕನೇ ಗೊನೆ ಇಳಿಸಿ, ಗಿಡ ಕಡಿದು, ಹಣ್ಣನ್ನು ಬೀದಿಗೆಲ್ಲ ಹಂಚಿದಳು. ಆ ಸಂಜೆಯೇ ಪುರೋಹಿತರು ಬಂದರು. ಜಗಲಿಯಲ್ಲಿ ಅಕ್ಕಪಕ್ಕದವರು ಕೂತಿದ್ದರು, ಅಕ್ಕ ಬಾಗಿಲಲ್ಲಿದ್ದಳು.

“ನೋಡಿದ್ರಾ ರಾಯರೇ, ಕಡೆಗೂ ಕುಜ ತೊಗೊಂಡೇಬಿಟ್ಟ. ದೋಷ ತಾನಾಗಿ ತೀರಿತು. ಇನ್ನು ಧೈರ್ಯವಾಗಿ ಗಂಡು ನೋಡಿ,” ಎಂದರು.

ಅಪ್ಪ ಎದ್ದು ನಿಂತರು. ಕೋರ್ಟಿನಲ್ಲಿ ಬಿಟ್ಟರೆ ಬೇರೆಲ್ಲೂ ಅವರು ದನಿ ಏರಿಸಿದ್ದನ್ನು ನಾನು ಕೇಳಿರಲಿಲ್ಲ.

“ಗೊನೆ ಬಿಟ್ಟ ಬಾಳೆ ಸಾಯತ್ತೆ ಸ್ವಾಮಿ. ಕುಜ ಅವನ ದಾರೀಲಿ ಅವನು ಹೋಗ್ತಾನೆ. ನನ್ನ ಮಗಳಲ್ಲಿ ಯಾವ ದೋಷಾನೂ ಇರ್ಲಿಲ್ಲ, ತೀರೋಕೆ. ಎಲ್ಲರೂ ಕೇಳಿಸ್ಕೊಳ್ಳಿ.”

ಅಷ್ಟು ಜನರ ಬಾಯಿಗೆ ಹೆದರದಿದ್ದ ಅಕ್ಕ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು, ಮುಖಕ್ಕೆ ಸೆರಗನ್ನೂ ಮುಚ್ಚಿಕೊಳ್ಳದೆ, ಎಲ್ಲರೆದುರಿಗೆ ಅತ್ತಳು.